ತೊಟ್ಟಿಲ ಕೊಂಡಿ ಮತ್ತು ಎರಡು ಸಿಮೆಂಟಿನ ಮಂಗಟ್ಟೆಗಳು

ನಿರ್ವಹಣಾ ವಿಭಾಗದ (ಮೇಜಿನ ಎಡಭಾಗ) ಹಾಗೂ ಬಂಡವಾಳ ಕಾಮಗಾರಿ ವಿಭಾಗದ (ಅದೇ ಮೇಜಿನ ಬಲಭಾಗ) ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ದಾಂಡೇಲಿಯ ಅಂಚಿನಲ್ಲಿ, ಕಡಿಮೆ ಆದಾಯದವರಿಗೆಂದು ತಮ್ಮ ಸಂಸ್ಥೆ ಕಟ್ಟಿಸಿ ತಾವು ನೋಡಿಕೊಳ್ಳುತ್ತಿರುವ ವಸತಿ ಸಮುಚ್ಚಯದ ಮೂರನೇ ಬ್ಲಾಕಿನಿಂದ, ಅದರ ಹನ್ನೆರಡು ಮನೆಗಳ ಪರವಾಗಿ, ಮೊದಲು ತಮ್ಮ ಎಡಗೈಗೆ ಒಂದು ನಮಸ್ಕಾರ, ಆಮೇಲೆ ಬಲಗೈಗೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಸಲ್ಲಿಸುತ್ತಿರುವುದಕ್ಕೆ ಕಾರಣವಿದೆ, ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಇಂದು ಬೆಳಿಗ್ಗೆ ಮೇಲಿನ ಮಹಡಿಯ ಕಾಶೆವ್ವ ಚಿಗವ್ವ (ನೆಂಟರಲ್ಲ, ಚಿಕ್ಕಮ್ಮನೆಂದು ಕರೆಯುವ ರೂಢಿ) ಚಹಾಕ್ಕೆಂದು ನಮ್ಮ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದರು. ಎಡಗಾಲಿನ ಚಪ್ಪಲಿಯಲ್ಲಿ, ಹೆಬ್ಬೆರಳು ಒತ್ತಿ ಒತ್ತಿ ತಗ್ಗಾದ ಜಾಗದಲ್ಲಿ, ಉಗುರಿನಷ್ಟು ಸಿಮೆಂಟಿನ ಚೂರೊಂದು ಸಿಕ್ಕಿಕೊಂಡಿತ್ತು. ಅದರ ಒಂದು ಬದಿ ಆಕಾಶನೀಲಿ, ಇನ್ನೊಂದು ಬದಿ ತುಕ್ಕಿನ ಕೆಂಪು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತಾಗ, ತಮಗೆ ನಾನೊಂದು ಅಭಿನಂದನಾ ಪತ್ರ ಬರೆದುಕೊಡಬೇಕಿರುವುದು ನೆನಪಾಯಿತು.

ಆ ಪತ್ರವನ್ನು ತಾವೇ ಕೇಳಿದ್ದೀರಿ. ಬರುವ ಸೋಮವಾರ ನಮ್ಮ ಸಮುಚ್ಚಯದ ಹೊಸ ಸ್ವಾಗತ ಕಮಾನು ತಮ್ಮ ಹಸ್ತದಿಂದ (ಬಲಗೈಯೇ ಇರಬೇಕು, ಕಮಾನು ಬಂಡವಾಳ ಕಾಮಗಾರಿ) ಉದ್ಘಾಟನೆಯಾಗಲಿದ್ದು, ಆ ದಿನ ನಿವಾಸಿಗಳ ಪರವಾಗಿ ತಮ್ಮನ್ನು ಹೊಗಳಿ ನಾಲ್ಕು ಮಾತು ಓದಬೇಕೆಂದು ತಮ್ಮ ಮೇಲ್ವಿಚಾರಕರಾದ ಈರೇಶ ಅವರು ಕಳೆದ ವಾರ ನಮ್ಮ ಬಾಗಿಲಿಗೇ ಬಂದು ತಿಳಿಸಿದರು. "ಅಕ್ಕಾರ, ನೀವು ಕನ್ನಡ ಎಂ.ಎ. ಮಾಡೀರಿ. ನಿಮ್ಮ ದೂರಿನ ಅರ್ಜಿ ಓದಿ ಸಾಹೇಬ್ರು ಭಾಳ ಖುಷಿ ಆಗ್ಯಾರ. ಏನ್ ಭಾಷಾ, ಏನ್ ಭಾಷಾ ಅಂತ ಎರಡ ಸಲ ಅಂದ್ರು. ಅಂಥಾದ್ದ ಒಂದ ಅಭಿನಂದನಾ ಬರದ ಕೊಡ್ರಿ" ಎಂದು ಅವರು ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ವರ್ಷವಿಡೀ ನಾನು ಬರೆದ ದೂರುಗಳಲ್ಲಿ ಸರಿಪಡಿಸಬೇಕಾದದ್ದು ಒಂದೂ ಕಣ್ಣಿಗೆ ಬೀಳದೆ, ಮೆಚ್ಚಬೇಕಾದದ್ದು ಮಾತ್ರ ತಮ್ಮ ಕಣ್ಣಿಗೆ ಬಿದ್ದಿದೆಯಲ್ಲ, ಇಂಥ ಓದುಗರು ಯಾವ ಬರೆಯುವವರಿಗೆ ಸಿಗುತ್ತಾರೆ? ಆದುದರಿಂದ ಇಂದು ಬರೆಯಲು ಕುಳಿತೆ. ಬರೆಯುತ್ತ ಹೋದಂತೆ ಅದು ಹೀಗಾಯಿತು. ಸೋಮವಾರದವರೆಗೆ ಕಾಯುವ ಬದಲು ಬ್ಲಾಕಿನ ಫಲಕದ ಮೇಲೆ ಒಂದು ಪ್ರತಿಯನ್ನು ಅಂಟಿಸಿ, ಪತ್ರಿಕೆಗೊಂದು ಪ್ರತಿ ಕಳಿಸಿ, ಮೂಲವನ್ನು ತಮಗೆ ಸಲ್ಲಿಸುತ್ತಿದ್ದೇನೆ.

ತಮ್ಮ ಆಡಳಿತದ ಸೂಕ್ಷ್ಮ ನಮಗೆ ಮೊದಲು ಅರಿವಾದದ್ದು ಕಳೆದ ವರ್ಷದ ಜೂನಿನಲ್ಲಿ. ಕಾಶೆವ್ವ ಚಿಗವ್ವ ಮತ್ತು ಕಾಗದದ ಮಿಲ್ಲಿನಲ್ಲಿ ಪಾಳಿ ಕೆಲಸ ಮಾಡುವ ಅವರ ಗಂಡ ಮಲಕಪ್ಪ ಅವರು ಇರುವುದು ಎರಡನೆಯ ಮಹಡಿಯಲ್ಲಿ, ಅಂದರೆ ಅವರ ಮೇಲೆ ಚಾವಣಿ, ಚಾವಣಿಯ ಮೇಲೆ ನೀರಿನ ಟಾಕಿ, ಟಾಕಿಯ ಮೇಲೆ ಜೋಯಿಡಾದ ಕಡೆಯಿಂದ ಬರುವ ಮೋಡ. ಟಾಕಿಯಿಂದ ಜಿನುಗುವ ನೀರೂ ಮೋಡದ ನೀರೂ ಒಂದಾಗಿ ಅವರ ಒಳಕೋಣೆಯ ಚಾವಣಿಯಲ್ಲಿ ಮೊದಲು ಒಂದು ತಟ್ಟೆಯಷ್ಟಗಲ, ಆಗಸ್ಟಿನ ಹೊತ್ತಿಗೆ ಒಂದು ಪರಾತಿನಷ್ಟಗಲ ಒದ್ದೆಯಾಯಿತು. ಜೂನಿನಲ್ಲೇ ನಾನು ಅವರ ಪರವಾಗಿ ಮೊದಲ ದೂರನ್ನು ನಿರ್ವಹಣಾ ವಿಭಾಗಕ್ಕೆ ಬರೆದಿದ್ದೆ. ಮೂರು ತಿಂಗಳಿಗೆ ಉತ್ತರ ಬಂತು: ಸೋರಿಕೆ ತಡೆಯಲು ಚಾವಣಿಯ ಮೇಲೆ ಹೊಸ ಪದರ ಹಾಕಬೇಕಾಗುವುದರಿಂದ, ಹೊಸದಾದುದೆಲ್ಲವೂ ಬಂಡವಾಳ ಕಾಮಗಾರಿಯಾಗುವುದರಿಂದ, ಸದರಿ ಅರ್ಜಿಯನ್ನು ಆ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಸರಿಯೆಂದು ಆ ವಿಭಾಗಕ್ಕೆ ಬರೆದೆ. ಇನ್ನು ಮೂರು ತಿಂಗಳಿಗೆ ಅಲ್ಲಿಂದಲೂ ಉತ್ತರ ಬಂತು: ಚಾವಣಿಯು ಈಗಾಗಲೇ ಅಸ್ತಿತ್ವದಲ್ಲಿರುವುದರಿಂದ, ಇರುವುದನ್ನು ನೋಡಿಕೊಳ್ಳುವುದು ನಿರ್ವಹಣೆಯಾಗುವುದರಿಂದ, ಸದರಿ ಅರ್ಜಿಯನ್ನು ಹಿಂದಿರುಗಿಸಲಾಗಿದೆ. ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಹಸಿರು ಶಾಯಿ, ಒಂದೇ ಸಹಿ, ಸಹಿಯ ಕೊನೆಯಲ್ಲಿ ಒಂದೇ ಬಾಲ.

ಮಲಕಪ್ಪ ಅವರು ಒಂದು ದಿನ ರಜೆ ಹಾಕಿ, ಬಸ್ಸು ಹಿಡಿದು ತಮ್ಮ ಕಚೇರಿಗೇ ಬಂದರು. ತಾವು ಸಭೆಯಲ್ಲಿದ್ದುದರಿಂದ ದರ್ಶನವಾಗಲಿಲ್ಲ, ಆದರೆ ತಮ್ಮ ಜವಾನರಾದ ಶೇಖಪ್ಪ ಅವರು ಬಾಗಿಲ ಸಂದಿಯಿಂದ ತಮ್ಮ ಮೇಜನ್ನು ತೋರಿಸಿ, ನಮ್ಮ ಅರ್ಜಿಯ ಪ್ರವಾಸವನ್ನು ವಿವರಿಸಿದರಂತೆ. "ನಿಮ್ಮ ಫೈಲ್ ಎಲ್ಲೂ ಹೋಗಿಲ್ಲೋ ಯಪ್ಪಾ. ಸಾಹೇಬ್ರ ಎಡಗಡಿ ಟ್ರೇದಾಗಿಂದ ಬಲಗಡಿ ಟ್ರೇಕ್ಕ ಹೋಗೇತಿ, ಅಲ್ಲಿಂದ ತಿರಗಿ ಎಡಕ್ಕ ಬಂದೈತಿ. ನಡುವ ಒಂದ ಚಹಾದ ಕಪ್ ಐತಿ ನೋಡು, ಅದನ್ನ ದಾಟಾಕ ಮೂರ ತಿಂಗಳ ಬೇಕು." ಎರಡೂ ವಿಭಾಗಗಳಿಗೆ ತಾವೊಬ್ಬರೇ ಮುಖ್ಯಸ್ಥರಾಗಿದ್ದೂ, ತಮಗೆ ತಾವೇ ಇಷ್ಟು ವಿನಯದಿಂದ ಪತ್ರ ಬರೆದುಕೊಂಡು, ತಮ್ಮ ಉತ್ತರಕ್ಕಾಗಿ ತಾವೇ ಇಷ್ಟು ತಾಳ್ಮೆಯಿಂದ ಕಾಯುತ್ತೀರೆಂಬುದನ್ನು ಕೇಳಿ ನಮ್ಮ ಬ್ಲಾಕಿನವರೆಲ್ಲ ಬೆರಗಾದರು. ಒಬ್ಬ ಮನುಷ್ಯ ತನ್ನ ಬಲಗೈಗೂ ತಿಳಿಯದಂತೆ ಎಡಗೈಯಿಂದ ಕೆಲಸ ಮಾಡದಿರುವುದು ಸಾಮಾನ್ಯ ಸಾಧನೆಯಲ್ಲ.

ನನ್ನ ಮೂರನೆಯ ದೂರಿಗೆ, ಅದನ್ನು ಎರಡೂ ವಿಭಾಗಗಳಿಗೆ ಒಟ್ಟಿಗೆ ಕಳಿಸಿದ್ದರಿಂದಲೋ ಏನೋ, ತಾವು ಸ್ವತಃ ಪರಿಶೀಲನೆಗೆ ಬರುವುದಾಗಿ ಫೆಬ್ರವರಿಯಲ್ಲಿ ತಿಳಿಸಿದಿರಿ. ಇಲ್ಲಿಂದ ಮುಂದಿನ ತಪ್ಪು ತಮ್ಮದಲ್ಲ, ನಮ್ಮದು. ಅದನ್ನು ಮುಚ್ಚಿಡುವುದಿಲ್ಲ.

ತಾವು ಬರುತ್ತೀರೆಂದು ತಿಳಿದ ದಿನ ನಮ್ಮ ಬ್ಲಾಕಿನಲ್ಲಿ ಯಾರಿಗೂ ದೂರಿನ ನೆನಪು ಉಳಿಯಲಿಲ್ಲ. ಮನೆಗೆ ದೊಡ್ಡವರು ಬರುತ್ತಾರೆಂಬುದೊಂದೇ ಉಳಿಯಿತು. ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಬಸಲಿಂಗಯ್ಯ ಅವರು ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು. ಅವರು ಮೆಟ್ಟಿಲ ಮೇಲೆ ನಿಂತು, "ಸಾಹೇಬ್ರ ಮುಂದ ಮೂರನೇ ಬ್ಲಾಕಿನ ಮರ್ಯಾದಿ ಹೋಗಬಾರದು ನೋಡ್ರಿ. ಎಲ್ಲಾರೂ ಅಂಗಳ ಸಾರಸ್ರಿ, ಮೆಟ್ಟಲಾ ತೊಳೀರಿ" ಎಂದು ಸಾರಿದರು. ಕಾಶೆವ್ವ ಚಿಗವ್ವ ಒಳಕೋಣೆಯ ಚಾವಣಿಯನ್ನು ನೋಡಿ ಹಣೆ ಬಡಿದುಕೊಂಡರು. ಪರಾತಿನಷ್ಟಗಲದ ಕಪ್ಪು, ಅದರ ಸುತ್ತ ಹಳದಿ ಅಂಚು, ಅಲ್ಲಲ್ಲಿ ಪಾಚಿ. "ಅಯ್ಯ ನಮ್ಮವ್ವಾ, ಇದನ್ನ ಹೆಂಗ ತೋರಸೂದು? ಮನೀ ಹೆಣ್ಮಗಳು ಏನ್ ಮಾಡ್ತಾಳ ಅನ್ನೂದುಲ್ಲೇನು?" ಎಂದರು. ಮಲಕಪ್ಪ ಅವರು ರಾತ್ರಿ ಪಾಳಿ ಮುಗಿಸಿ ಬಂದವರು ನಿದ್ದೆ ಮಾಡಲಿಲ್ಲ. ಮಗಳು ಸುಮಿತಾಳ ಮದುವೆಗೆ ತಂದು ಉಳಿದಿದ್ದ ನೀಲಿ ಬಣ್ಣದ ಡಬ್ಬಿ ಕಪಾಟಿನ ಮೇಲಿತ್ತು. ಕಪ್ಪನ್ನು ಕೆರೆದು, ಲಪ್ಪ (ಪುಟ್ಟಿ) ಮೆತ್ತಿ, ಒಣಗಿಸಲು ಟೇಬಲ್ ಫ್ಯಾನನ್ನು ಸ್ಟೂಲಿನ ಮೇಲೆ ಅಂಗಾತ ಮಲಗಿಸಿಟ್ಟು, ನೀಲಿ ಬಳಿದರು. ನಾನು ಸ್ಟೂಲು ಹಿಡಿದು ನಿಂತಿದ್ದೆ. ಬೇಡವೆಂದು ಹೇಳಬೇಕೆಂದುಕೊಂಡೆ. ಅವರ ರೆಪ್ಪೆಯ ಮೇಲೆಲ್ಲ ನೀಲಿ ಹನಿ ಬಿದ್ದಿದ್ದವು. ಸ್ಟೂಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ.

ತಾವು ಹನ್ನೊಂದಕ್ಕೆ ಬರುವುದಾಗಿ ಹೇಳಿ ಒಂದೂವರೆಗೆ ಬಂದದ್ದರಿಂದ ಬಣ್ಣ ಚೆನ್ನಾಗಿ ಒಣಗಿತ್ತು, ಇದಕ್ಕೂ ನಾವು ಋಣಿಗಳು. ತಮ್ಮ ಕುರ್ಚಿಯನ್ನು ಒಳಕೋಣೆಯಲ್ಲೇ, ನೀಲಿ ಬಳಿದ ಜಾಗದ ಕೆಳಗೇ ಹಾಕಿದ್ದರು, ಪರಿಶೀಲನೆಗೆ ಅನುಕೂಲವಾಗಲೆಂದು. ಗಿರ್ಮಿಟ್ಟು, ಮಿರ್ಚಿ ಭಜಿ, ಆಮೇಲೆ ಚಹಾ. ತಾವು ಎರಡನೆಯ ಭಜಿ ಕೈಯಲ್ಲಿ ಹಿಡಿದು ಒಮ್ಮೆ ಮೇಲೆ ನೋಡಿ, "ಬಣ್ಣ ಯಾವ ಕಂಪನೀದು? ಭಾಳ ಚಂದ ಕೂತೈತಿ" ಎಂದು ಕೇಳಿದಿರಿ. ಕಳೆದ ಜೂನಿನಿಂದ ಜನವರಿಯವರೆಗೆ ತಿಂಗಳಿಗೊಂದರಂತೆ ನಾನು ತೆಗೆದಿಟ್ಟ ಎಂಟು ಫೋಟೋಗಳು ನನ್ನ ಫೋನಿನಲ್ಲಿದ್ದವು. ಬಾಗಿಲ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದೆ. ಚಿಗವ್ವ ನನ್ನ ಮೊಣಕೈ ಹಿಡಿದು ಎಳೆದು, "ಸುಮ್ಮಿರ ತಂಗಿ. ತಿನ್ನಾಕ ಕುಂತವ್ರಿಗೆ ಅದನ್ನೆಲ್ಲಾ ತೋರಸ್ತಾರೇನು?" ಎಂದು ಪಿಸುಗುಟ್ಟಿದರು. ಅತಿಥಿಯ ಎಂಜಲ ಕೈ ಒಣಗುವ ತನಕ ಅವರೆದುರು ಕಷ್ಟ ಹೇಳಿಕೊಳ್ಳಬಾರದೆಂಬುದು ನಮ್ಮ ಕಡೆಯವರ ರೀತಿ. ತಾವು ಕೈ ತೊಳೆದವರೇ ಜೀಪು ಹತ್ತಿದಿರಿ. ನಮ್ಮ ರೀತಿಗೂ ತಮ್ಮ ಜೀಪಿಗೂ ನಡುವೆ ಸಿಕ್ಕ ಸಮಯ ಒಂದು ಟವೆಲಿನಷ್ಟು.

ಆಮೇಲೆ ಈರೇಶ ಅವರು ಹಾಳೆಯೊಂದನ್ನು ಮುಂದೆ ಹಿಡಿದರು. "ಮೂರನೇ ಬ್ಲಾಕಿನ ಚಾವಣಿಯಲ್ಲಿ ಸೋರಿಕೆ ಕಂಡುಬಂದಿಲ್ಲ. ನಿವಾಸಿಗಳ ಸ್ವಚ್ಛತೆ ಶ್ಲಾಘನೀಯ. ದೂರು ಮುಕ್ತಾಯ." ಕೆಳಗೆ ದೂರುದಾರರ ಸಹಿಗೆ ಜಾಗ. ಪೆನ್ನಿನ ಮುಚ್ಚಳವನ್ನು ಅವರೇ ತೆಗೆದುಕೊಟ್ಟರು. ಜೀಪಿನ ಎಂಜಿನ್ ಚಾಲೂ ಇತ್ತು, ಮೆಟ್ಟಿಲ ಮೇಲೆ ಹನ್ನೆರಡು ಮನೆಯವರೂ ನಿಂತಿದ್ದರು, ಬಸಲಿಂಗಯ್ಯ ಅವರು "ಹಾಕವ್ವಾ, ಸಾಹೇಬ್ರಿಗೆ ಹೊತ್ತಾಕ್ಕೈತಿ" ಎಂದರು. ನಾನು ಓದಿದೆ. ಓದಿದ್ದು ಸುಳ್ಳೆಂದು ತಿಳಿದಿತ್ತು. ಸಹಿ ಹಾಕಿದೆ.

ಆ ಸಹಿಯಿಂದ ನಮಗೆ ದೊರೆತ ಫಲಗಳನ್ನು ನೆನೆಯದಿದ್ದರೆ ಅಭಿನಂದನೆ ಪೂರ್ಣವಾಗದು. ಮೂರನೇ ಬ್ಲಾಕನ್ನು ತಾವು 'ಮಾದರಿ ಬ್ಲಾಕ್' ಎಂದು ಘೋಷಿಸಿ, ಚೌಕಟ್ಟು ಹಾಕಿದ ಪ್ರಮಾಣಪತ್ರ ಕಳಿಸಿದಿರಿ. ಅದನ್ನು ಮೆಟ್ಟಿಲ ಗೋಡೆಗೆ ನೇತುಹಾಕಲು ಮೊಳೆ ಹೊಡೆದಾಗ ಗಿಲಾವು ರೊಟ್ಟಿಯಗಲ ಕಿತ್ತು ಬಂತು; ಇನ್ನೊಂದು ಕಡೆ ಹೊಡೆದರೆ ಅಲ್ಲಿಯೂ ಬಂತು. ಈಗ ಪ್ರಮಾಣಪತ್ರವನ್ನು ಬಸಲಿಂಗಯ್ಯ ಅವರ ಟಿ.ವಿ.ಯ ಮೇಲೆ ಒರಗಿಸಿಟ್ಟಿದ್ದೇವೆ. ಎರಡನೆಯ ಫಲ, ಕಮಾನು. ಇರುವ ಕಟ್ಟಡಗಳಲ್ಲಿ ಯಾವ ದೋಷವೂ ಇಲ್ಲವೆಂದು ದಾಖಲೆಯಾದ ಮೇಲೆ ಹೊಸದನ್ನು ಕಟ್ಟಲು ತಮಗೆ ಯಾವ ಅಡ್ಡಿಯೂ ಇರಲಿಲ್ಲ. ಎಡಗೈ ಒಂದು ವರ್ಷದಲ್ಲಿ ಮಾಡಲಾಗದ್ದನ್ನು ಬಲಗೈ ಮೂರು ವಾರಗಳಲ್ಲಿ ಮಂಜೂರು ಮಾಡಿತು. ನಮ್ಮ ಕಾಡಿನ ಹೆಮ್ಮೆಯಾದ, ದೊಡ್ಡ ಹಳದಿ ಕೊಕ್ಕಿನ ಮಂಗಟ್ಟೆ ಹಕ್ಕಿಗಳನ್ನು ಸಿಮೆಂಟಿನಲ್ಲಿ ಮಾಡಿಸಿ, ಕಮಾನಿನ ಮೇಲೆ ಒಂದಕ್ಕೊಂದು ಎದುರಾಗಿ ಕೂರಿಸಿದ್ದೀರಿ. ಎಡಗಡೆಯದು ಬಲಗಡೆಯದನ್ನು ನೋಡುತ್ತದೆ, ಬಲಗಡೆಯದು ಎಡಗಡೆಯದನ್ನು ನೋಡುತ್ತದೆ, ಎರಡೂ ಏನೂ ಮಾಡುವುದಿಲ್ಲ. ಇಷ್ಟು ನಿಖರವಾದ ಶಿಲ್ಪವನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೊನ್ನೆ ಮಂಗಳವಾರ ನಾಲ್ಕು ಜನ ಕೆಲಸಗಾರರು ಬಂದು, ಮಳೆಗಾಲದಲ್ಲಿ ಬಣ್ಣ ಹೋಗಬಾರದೆಂದು, ಆ ಎರಡು ಹಕ್ಕಿಗಳ ತಲೆಯ ಮೇಲೆ ತಗಡಿನ ಸೂರು ಕಟ್ಟಿದರು. ಕಾಶೆವ್ವ ಚಿಗವ್ವ ಕಿಟಕಿಯಿಂದ ಅದನ್ನು ನೋಡುತ್ತ ನಿಂತಿದ್ದರು. ಆಮೇಲೆ, "ಬರೋಬ್ಬರಿ ಮಾಡ್ಯಾರ ಬಿಡು. ಒಂದ ಹನಿ ಬೀಳೂದುಲ್ಲ" ಎಂದರು. ಅವರ ದನಿಯಲ್ಲಿ ಅಣಕವಿರಲಿಲ್ಲ. ಒಳ್ಳೆಯ ಕೆಲಸ ಕಂಡರೆ ಒಳ್ಳೆಯದೆನ್ನುವವರು ಅವರು.

ಈಗ ತೊಟ್ಟಿಲಿನ ವಿಷಯಕ್ಕೆ ಬರುತ್ತೇನೆ. ಹಳಿಯಾಳಕ್ಕೆ ಕೊಟ್ಟಿರುವ ಸುಮಿತಾಳಿಗೆ, ತವರಿಗೆ ಬರಬೇಕೆಂದಿದ್ದ ದಿನಕ್ಕಿಂತ ಮುಂಚೆಯೇ ಅಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಬರುವ ಭಾನುವಾರ ಆಕೆ ಕೂಸನ್ನು ಕಟ್ಟಿಕೊಂಡು ಬಾಣಂತನಕ್ಕೆ ಇಲ್ಲಿಗೆ ಬರುತ್ತಾಳೆ. ಸೋಮವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಈ ಮನೆಗಳನ್ನು ಹಸ್ತಾಂತರಿಸುವಾಗ ಪ್ರತಿ ಮನೆಯ ಒಳಕೋಣೆಯ ಚಾವಣಿಗೆ ಒಂದು ಕಬ್ಬಿಣದ ಕೊಂಡಿಯನ್ನು ಸಂಸ್ಥೆಯೇ ಕೊಟ್ಟಿತ್ತು. ಫ್ಯಾನಿಗೆಂದು ಕೊಟ್ಟದ್ದು, ನಮ್ಮಲ್ಲಿ ಎಲ್ಲರೂ ಅದನ್ನು ತೊಟ್ಟಿಲ ಕೊಂಡಿಯೆಂದೇ ಕರೆಯುತ್ತೇವೆ. ಈ ಬ್ಲಾಕಿನಲ್ಲಿ ಏಳು ಕೂಸುಗಳು ಅಂಥ ಕೊಂಡಿಗಳಿಗೆ ಜೋತು ಬೆಳೆದಿವೆ. ಮೊನ್ನೆ ಬುಧವಾರ ಚಿಗವ್ವ ಅಟ್ಟದಿಂದ ತೊಟ್ಟಿಲು ಇಳಿಸಿ, ತೊಳೆದು, ಹಗ್ಗದ ಅಳತೆ ನೋಡಲೆಂದು ಕಟ್ಟಿದರು. ಬರಿ ತೊಟ್ಟಿಲನ್ನು ತೂಗಬಾರದು. ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ಮಲಗಿಸುವುದು ಹೇಗೂ ನಮ್ಮ ಶಾಸ್ತ್ರ. ಹಾಗಾಗಿ ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಸಿನ ಹಚ್ಚಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಒಳಗಿಟ್ಟರು. ಕೈಯಿಂದ ಮೂರು ಸಲ ತೂಗಿ, ಹಗ್ಗ ಉದ್ದವಾಯಿತೆಂದು ಗಂಡನನ್ನು ಕರೆಯಲು ಹೊರಗೆ ಹೋದರು.

ನಾನು ಕೆಳಗಿನ ಮನೆಯಲ್ಲಿ ಓದುತ್ತ ಕುಳಿತಿದ್ದೆ. ಸದ್ದು ಕೇಳಿ ಮೇಲೆ ಓಡಿದೆ. ಕೊಂಡಿ, ಕೊಂಡಿಯ ಸುತ್ತಲಿನ ಪರಾತಿನಗಲ ಕಾಂಕ್ರೀಟು, ಅದಕ್ಕೆ ಬಳಿದಿದ್ದ ನೀಲಿ, ಎಲ್ಲವೂ ತೊಟ್ಟಿಲಿನೊಳಗೆ, ಸುತ್ತಲ ನೆಲಕ್ಕೆ ಬಿದ್ದಿದ್ದವು. ಮೇಲೆ ನೋಡಿದರೆ ಚಾವಣಿಯೊಳಗಿನ ಸರಳುಗಳು ತುಕ್ಕು ಹಿಡಿದು, ಉಬ್ಬಿ, ಪದರು ಪದರಾಗಿ ಎದ್ದಿದ್ದವು. ತೊಟ್ಟಿಲಿನ ತಳ ಮುರಿದಿತ್ತು. ಗುಂಡುಕಲ್ಲಿಗೆ ಏನೂ ಆಗಿರಲಿಲ್ಲ. ಅರಿಸಿನದ ಮೇಲೆ ಒಂದು ಗೀರು ಮಾತ್ರ. ತಮ್ಮ ಸಂಸ್ಥೆಯ ಫಲಾನುಭವಿಗಳಲ್ಲಿ ಇಷ್ಟು ಯೋಗ್ಯರಾದವರು ಇನ್ನೊಬ್ಬರು ಸಿಗಲಾರರೆಂದು ನನಗನ್ನಿಸುತ್ತದೆ. ಆ ಕಲ್ಲಿಗೆ ಒಂದು ಮನೆ ಮಂಜೂರು ಮಾಡಿದರೆ ತಮ್ಮ ಕಚೇರಿಗೆ ಎಂದೂ ಒಂದೂ ದೂರು ಬರುವುದಿಲ್ಲ. ಚಿಗವ್ವ ಬಾಗಿಲಿನಿಂದ ಒಳಗೆ ಬಂದು, ಕಲ್ಲನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ನೆಲಕ್ಕೆ ಕುಳಿತರು, ಮಲಕಪ್ಪ ಅವರು ಬಂದು ಬಿಡಿಸುವ ತನಕ ಅದನ್ನು ಬಿಡಲಿಲ್ಲ.

ಇದನ್ನು ಓದಿ ತಾವು ಗಾಬರಿಯಾಗಬಾರದು. ಈ ಪ್ರಕರಣ ತಮ್ಮ ಮೇಜಿನ ಯಾವ ಬದಿಗೆ ಸೇರಬೇಕೆಂಬ ಚಿಂತೆಯನ್ನು ತಮಗೆ ಬಿಡಬಾರದೆಂದು ನಾನೇ ಯೋಚಿಸಿದ್ದೇನೆ. ಕೂಸು ಹೊಸದಾಗಿ ಬಂದದ್ದಾದ್ದರಿಂದ ಅದು ಬಂಡವಾಳ ಕಾಮಗಾರಿ. ಬಾಣಂತಿ ಈಗಾಗಲೇ ಅಸ್ತಿತ್ವದಲ್ಲಿರುವವಳಾದ್ದರಿಂದ ಆಕೆ ನಿರ್ವಹಣೆ. ಇಬ್ಬರನ್ನೂ ಬೇರೆ ಬೇರೆ ಟ್ರೇಗಳಲ್ಲಿ ಮಲಗಿಸಿ, ನಡುವೆ ತಮ್ಮ ಚಹಾದ ಕಪ್ಪನ್ನು ಇಟ್ಟುಕೊಳ್ಳಬಹುದು. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲವಾದ್ದರಿಂದ ತಮ್ಮ ದೂರಿನ ನಮೂನೆಯ ಮೊದಲ ಸಾಲನ್ನೇ ಅದು ತುಂಬಲಾರದು, ಅಷ್ಟರಮಟ್ಟಿಗೆ ತಾವು ನಿಶ್ಚಿಂತರು. ಇದು ಸಾಧ್ಯವಾಗದಿದ್ದಲ್ಲಿ, ಕಾಶೆವ್ವ, ಮಲಕಪ್ಪ, ಸುಮಿತಾ ಮತ್ತು ಕೂಸು, ಈ ನಾಲ್ವರನ್ನೂ ತಮ್ಮ ದಾಖಲೆಯಲ್ಲಿ ಸಿಮೆಂಟಿನ ಮಂಗಟ್ಟೆಗಳೆಂದು ನೋಂದಾಯಿಸಿಕೊಳ್ಳಬೇಕಾಗಿ ಪ್ರಾರ್ಥಿಸುತ್ತೇನೆ, ತಗಡಿನ ಸೂರಿಗೆ ಆಗ ಅರ್ಹರಾಗುತ್ತಾರೆ. ಅದೂ ಆಗದಿದ್ದಲ್ಲಿ, ಜೂನಿನ ಮೊದಲ ವಾರ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬರಲಿರುವ ಮೋಡಗಳಿಗೆ, ಮೊದಲು ತಮ್ಮ ಎಡಗಡೆಯ ಟ್ರೇಯಲ್ಲಿ ಹಾಜರಾಗಿ ಮೂರು ತಿಂಗಳು ಕಾಯುವಂತೆ ಒಂದು ಸುತ್ತೋಲೆ ಹೊರಡಿಸಬೇಕು. ಸುತ್ತೋಲೆಯ ಭಾಷೆಯನ್ನು ತಿದ್ದಿಕೊಡಲು ನಾನು ಸಿದ್ಧಳಿದ್ದೇನೆ.

ಬುಧವಾರ ಸಂಜೆಯೇ ಈರೇಶ ಅವರಿಗೆ ಫೋನು ಮಾಡಿದೆವು. ತಮ್ಮ ಸಿಬ್ಬಂದಿಯ ದಕ್ಷತೆಯನ್ನು ಇಲ್ಲಿ ಹೇಳಲೇಬೇಕು, ಅವರು ಮರುದಿನ ಬೆಳಿಗ್ಗೆಯೇ ಬಂದರು. ಚಾವಣಿಯ ತೂತನ್ನು ನೋಡಿ, ತಲೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಅಕ್ಕಾರ, ನಿಮ್ಮ ದೂರ ಮುಗದ ಹೋಗೇತಲ್ರೀ. ಕಾಗದದಾಗ ಸೋರಿಕಿ ಇಲ್ಲ ಅಂತ ನಿಮ್ದ ಸಹಿ ಐತಿ. ಹೊಸಾ ದೂರ ಕೊಡ್ರಿ, ಆದ್ರ ಸೋಮವಾರ ಮುಗದಮ್ಯಾಲೆ. ಸಾಹೇಬ್ರು ಉದ್ಘಾಟನಾ ಆದಕೂಡ್ಲೆ ಮಾದರಿ ಬ್ಲಾಕ್ ತೋರಸಾಕ ಮ್ಯಾಲಿನವ್ರನ್ನ ಕರಕೊಂಡ ಬರ್ತಾರ, ಇದೇ ಮನೀಗೇ." ನಿನ್ನೆ ಮಧ್ಯಾಹ್ನ ಅರ್ಧ ಚೀಲ ಸಿಮೆಂಟು ಮತ್ತು ಒಂದು ಡಬ್ಬಿ ಬಣ್ಣ ನಮ್ಮ ಮೆಟ್ಟಿಲ ಕೆಳಗೆ ಬಂದಿಳಿಯಿತು. ಹನ್ನೆರಡು ತಿಂಗಳಲ್ಲಿ ನಿರ್ವಹಣಾ ವಿಭಾಗದಿಂದ ನಮಗೆ ಬಂದ ಮೊದಲ ಸಾಮಗ್ರಿ ಅದು. ಬಣ್ಣ ಆಕಾಶನೀಲಿ. ತಾವು ಫೆಬ್ರವರಿಯಲ್ಲಿ ಮೆಚ್ಚಿದ ಅದೇ ಕಂಪನಿಯದು. ತಮ್ಮ ನೆನಪಿನ ಶಕ್ತಿಯ ಬಗ್ಗೆ ನಮಗಿದ್ದ ಅನುಮಾನಗಳೆಲ್ಲ ಪರಿಹಾರವಾದವು.

ಇಂದು ಬೆಳಿಗ್ಗೆ ಕಾಶೆವ್ವ ಚಿಗವ್ವ ಬಂದದ್ದು ಚಹಾಕ್ಕಷ್ಟೇ ಅಲ್ಲ. ಬಟ್ಟಲು ಕೆಳಗಿಟ್ಟು, ಸೆರಗಿನ ತುದಿ ತಿರುವುತ್ತ, "ತಂಗಿ, ದೊಡ್ಡ ಮಂದಿ ಬರಾಕತ್ತಾರಂತ. ಅದನ್ನ ಹಂಗ ಬಾಯಿ ತಕ್ಕೊಂಡ ಬಿಟ್ರ ಚಂದ ಕಾಣ್ತೈತೇನು? ಈರೇಶಪ್ಪ ಮಂದೀನ ಕಳಸ್ತೇನಿ ಅಂದಾನ. ಮುಚ್ಚಿಸಿಬಿಡೂಣು?" ಎಂದು ಕೇಳಿದರು. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದವರೇ ಅವರು. ಎರಡು ದಿನದಲ್ಲಿ ಹೆದರಿಕೆಗಿಂತ ನಾಚಿಕೆ ಮುಂದೆ ಬಂದು ನಿಂತಿದೆ. ತಮ್ಮ ಎರಡೂ ವಿಭಾಗಗಳು ನಿಂತಿರುವುದು ಈ ನಾಚಿಕೆಯ ಮೇಲೆ, ಮಾನ್ಯರೇ. ಸಿಮೆಂಟಿಗಿಂತ ಅದು ಗಟ್ಟಿ, ಸರಳಿನಂತೆ ತುಕ್ಕು ಹಿಡಿಯುವುದೂ ಇಲ್ಲ, ಅದರ ನಿರ್ವಹಣೆಗೆ ತಾವು ಏನನ್ನೂ ಮಾಡಬೇಕಾಗಿಲ್ಲ, ಒಂದು ದಿನ ಮೊದಲು ಬರುತ್ತೇನೆಂದು ತಿಳಿಸಿದರೆ ಸಾಕು. ಮಿಲ್ಲಿನ ಪಾಳಿ ಮುಗಿಸಿ ಬಂದವರು ಸ್ಟೂಲು ಹತ್ತುತ್ತಾರೆ.

ಎದ್ದು, ಅವರ ಜೊತೆ ಮೇಲಕ್ಕೆ ಹೋದೆ. ಒಳಕೋಣೆಯಲ್ಲಿದ್ದ ಹಾಸಿಗೆ, ಟ್ರಂಕು, ಸುಮಿತಾಳಿಗೆಂದು ಮಾಡಿಟ್ಟ ಅಂಟಿನ ಉಂಡೆಯ ಡಬ್ಬಿ, ಎಲ್ಲವನ್ನೂ ಇಬ್ಬರೂ ಕೂಡಿ ನೆಲಮಹಡಿಯ ನಮ್ಮ ಮನೆಗೆ ಇಳಿಸಿದೆವು. ನನ್ನ ಕೋಣೆಯ ಪುಸ್ತಕಗಳು ಪಡಸಾಲೆಗೆ ಬಂದವು. ತೊಟ್ಟಿಲಿಗೆ ಹೊಸ ತಳ ಹಾಕಿಸಿ, ನನ್ನ ಕೋಣೆಯ ಕೊಂಡಿಗೆ ಕಟ್ಟಿ, ಗುಂಡುಕಲ್ಲನ್ನು ಮಲಗಿಸಿದ್ದೇವೆ. ಈ ಕೋಣೆಯ ಮೇಲೆ ನೀರಿಲ್ಲ, ಎರಡು ಮನೆಗಳಿವೆ. ಆದರೂ ಭಾನುವಾರದವರೆಗೆ ಕಲ್ಲೇ ಅಲ್ಲಿ ಮಲಗಲಿ ಎಂದು ಮಲಕಪ್ಪ ಅವರು ಹೇಳಿದ್ದಾರೆ, ಸಣ್ಣಗೆ ತೂಗುತ್ತಲೂ ಇದ್ದಾರೆ. ಚಾವಣಿ ದುರಸ್ತಿಯಾಗುವ ತನಕ ಬಾಣಂತನ ನಮ್ಮ ಮನೆಯಲ್ಲಿ. "ಮಂದಿ ಏನಂದಾರವ್ವಾ" ಎಂದು ಚಿಗವ್ವ ಒಂದು ಸಲ ಕೇಳಿದರು. "ಏನರ ಅನ್ಲಿ ಬಿಡ ಚಿಗವ್ವಾ" ಎಂದೆ. ಅಷ್ಟು ಹೇಳಲು ನನಗೆ ಒಂದು ವರ್ಷ ಹಿಡಿದಿದೆ. ಚಹಾದ ಕಪ್ಪು ದಾಟುವುದು ಕಷ್ಟವೆಂದು ನನಗೂ ಗೊತ್ತು.

ಇನ್ನು ತಾವು ಕೇಳಿದ ಅಭಿನಂದನೆಯನ್ನು ಸೋಮವಾರ ನಾನು ಓದುವುದಿಲ್ಲ. ಇದಕ್ಕಿಂತ ಹೆಚ್ಚು ಹೊಗಳಲು ನನಗೆ ಬಾರದು. ಫೆಬ್ರವರಿಯಲ್ಲಿ ಹಾಕಿದ ಸಹಿಯನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಎಂಟು ಫೋಟೋಗಳನ್ನೂ, ಬುಧವಾರ ತೆಗೆದ ಒಂಬತ್ತನೆಯದನ್ನೂ ಲಗತ್ತಿಸಿದ್ದೇನೆ. ಮುಕ್ತಾಯವಾದ ದೂರು ಮುಕ್ತಾಯವಾಗಿಲ್ಲವೆಂದು ಎರಡೂ ಟ್ರೇಗಳಲ್ಲಿ ನಮೂದಿಸಿಕೊಳ್ಳಬೇಕು.

ತಮ್ಮ ಎಡಬಲಗಳಿಗೆ ಸಮನಾಗಿ ವಿಶ್ವಾಸಿಯಾದ,
ವಿದ್ಯಾವತಿ
ಮೂರನೇ ಬ್ಲಾಕು, ನೆಲಮಹಡಿ

ತಾ.ಕ.: ಮೇಲಿನ ಮನೆಯ ಒಳಕೋಣೆಗೆ ಬೀಗ ಹಾಕಿದ್ದೇನೆ. ತೂತು ಹೇಗಿದೆಯೋ ಹಾಗೇ ಇದೆ, ನೆಲದ ಮೇಲಿನ ಕಾಂಕ್ರೀಟನ್ನೂ ಗುಡಿಸಿಲ್ಲ. ಗುಡಿಸದೆ ಬಿಡುವುದು ಚಿಗವ್ವನಿಗೆ ಎಷ್ಟು ಕಷ್ಟವಾಯಿತೆಂಬುದನ್ನು ತಾವು ಊಹಿಸಲಾರಿರಿ. ಸೋಮವಾರ ತಾವು ಮೇಲಿನ ಅಧಿಕಾರಿಗಳೊಂದಿಗೆ ಅವಶ್ಯ ದಯಮಾಡಿಸಬೇಕು. ಭಜಿ ಇರುತ್ತದೆ. ಆದರೆ ಈ ಸಲ ಮೊದಲು ಕೋಣೆ, ಆಮೇಲೆ ಭಜಿ. ತಮ್ಮ ಕುರ್ಚಿಯನ್ನು ಫೆಬ್ರವರಿಯಲ್ಲಿ ಹಾಕಿದ್ದ ಜಾಗದಲ್ಲೇ, ಒಂದು ಅಂಗುಲವೂ ಸರಿಸದೆ ಹಾಕಿದ್ದೇವೆ. ಈರೇಶ ಅವರು ಈ ಬೆಳಿಗ್ಗೆಯಿಂದ ಎರಡು ಸಲ ಬೀಗದ ಕೈ ಕೇಳಿದ್ದಾರೆ. ಅದು ನನ್ನ ಹತ್ತಿರ ಇದೆ, ತಾವು ಬರುವವರೆಗೆ ಇರುತ್ತದೆ.